ನಳಿಗೆ ಬದಲಾದರೆ ಬಂದೂಕು ಬದಲಾಯಿತೇ?

ತ್ರೀ ನಾಟ್ ತ್ರೀ ಅನ್ನೋ ಹೆಸರು ಕೇಳದವರು ನಮ್ಮಲ್ಲಿ ಕಮ್ಮಿ. ಠಾಣೆ ಬಾಗಿಲಲ್ಲಿ, ಚುನಾವಣೆ ಬೂತಿನಲ್ಲಿ ಪೇದೆಗಳ ಹೆಗಲ ಮೇಲೆ ಇರ್ತಿದ್ದ ಉದ್ದನೆಯ ಮರದ ಬಂದೂಕು ಅದು. 2008ರ ನವೆಂಬರ್ 26ರ ರಾತ್ರಿ ಮುಂಬೈಯ ಸಿಎಸ್‌ಟಿ ನಿಲ್ದಾಣದಲ್ಲಿ ಎಕೆ-47 ಹಿಡಿದು ಬಂದವರ ಎದುರು ನಮ್ಮ ಪೊಲೀಸರ ಕೈಯಲ್ಲಿ ಇದ್ದದ್ದೂ ಅದೇ. ಉತ್ತರ ಪ್ರದೇಶದ ಪೊಲೀಸರು ಅದಕ್ಕೆ ವಿದಾಯ ಹೇಳಿದ್ದು 2020ರ ಗಣರಾಜ್ಯೋತ್ಸವದ ಹೊತ್ತಿಗೆ.

ಇಂಥ ಹಳೇ ಬಂದೂಕು ಲಕ್ಷಗಟ್ಟಲೆ ಉಗ್ರಾಣದಲ್ಲಿ ಬಿದ್ದಿದ್ದಾಗ ಯಾವುದೇ ಸರ್ಕಾರಕ್ಕೆ ಒಂದು ಆಸೆ ಹುಟ್ಟುತ್ತೆ. ನಳಿಗೆ ಒಂದನ್ನು ಬಿಚ್ಚಿ ಹೊಸದು ಹಾಕಿ, ಈಗಿನ ಜೋರಿನ ಕಾಡತೂಸನ್ನೇ ಇದರಲ್ಲೂ ಹಾರಿಸಿದರೆ ಹೇಗೆ? ಖರ್ಚು ಉಳೀತು, ಬಂದೂಕೂ ಉಳೀತು. ಕಳೆದ ನೂರಿಪ್ಪತ್ತು ವರ್ಷಗಳಲ್ಲಿ ಅಮೆರಿಕ, ಸ್ಪೇನ್, ಬ್ರಿಟನ್, ಭಾರತ ಎಲ್ಲವೂ ಒಂದಲ್ಲ ಒಂದು ರೀತಿಯಲ್ಲಿ ಈ ಪ್ರಶ್ನೆ ಎದುರಿಸಿವೆ. ಉತ್ತರ ಒಬ್ಬೊಬ್ಬರದು ಒಂದೊಂದು ಥರ. ಕೆಲವರ ಉತ್ತರಕ್ಕೆ ಬೆಲೆ ತೆತ್ತವರು ಬಂದೂಕು ಹಿಡಿದವರು.

ಕಬ್ಬಿನ ಸೀಸನ್ನಿನಲ್ಲಿ ನಮ್ಮ ಕಡೆ ಒಂದು ದೃಶ್ಯ ಕಾಣ್ತೀವಿ. ಎತ್ತಿನ ಗಾಡಿಯನ್ನು ಟ್ರಾಕ್ಟರಿನ ಹಿಂದಕ್ಕೆ ಕಟ್ಟಿಕೊಂಡು ಫ್ಯಾಕ್ಟರಿಗೆ ಹೊರಟಿರ್ತಾರೆ. ಮೂಕಿ ಕೊಕ್ಕೆಗೆ ಸರಿಯಾಗಿ ಕೂರುತ್ತೆ, ಗಾಡಿ ಮುಂದಕ್ಕೆ ಹೋಗುತ್ತೆ. ಆದರೆ ಆ ಅಚ್ಚು, ಆ ಚಕ್ರ ಮಾಡಿದ್ದು ಎತ್ತಿನ ನಡಿಗೆಗೆ. ಕೊಕ್ಕೆಗೆ ಕೂತಿತು ಅನ್ನೋದು ಒಂದು ಮಾತು, ಅಚ್ಚು ತಾಳುತ್ತೆ ಅನ್ನೋದು ಇನ್ನೊಂದು ಮಾತು. ಬಂದೂಕಿನ ಕಥೆಯೂ ಇಷ್ಟೇ.

ಮೊದಲು ಬಂದೂಕಿನ ಒಳಗೆ ಏನಾಗುತ್ತೆ ನೋಡೋಣ. ಕಾಡತೂಸು ಅಂದ್ರೆ ಹಿತ್ತಾಳೆಯ ಚಿಪ್ಪು, ಅದರೊಳಗೆ ಮದ್ದು, ತುದಿಯಲ್ಲಿ ಗುಂಡು. ಕುದುರೆ ಎಳೆದಾಗ ಮದ್ದು ಉರಿದು ಅನಿಲವಾಗಿ ಗುಂಡನ್ನು ಮುಂದಕ್ಕೆ ತಳ್ಳುತ್ತೆ. ಅಷ್ಟೇ ರಭಸದಲ್ಲಿ ಚಿಪ್ಪನ್ನು ಹಿಂದಕ್ಕೂ ತಳ್ಳುತ್ತೆ. ನಮ್ಮ ಕಾರಿನ ಟೈರಿನಲ್ಲಿ ಇರೋದು ಸುಮಾರು 32 ಪಿಎಸ್‌ಐ ಒತ್ತಡ. .303 ಕಾಡತೂಸಿಗೆ ಅಮೆರಿಕದ ಉದ್ಯಮ ಸಂಸ್ಥೆ ಇಟ್ಟಿರೋ ಗರಿಷ್ಠ ಮಿತಿ 49,000 ಪಿಎಸ್‌ಐ. ಹಳೇ ಸ್ಪೇನಿನ ಬಂದೂಕುಗಳ 7 ಎಂಎಂ ಮೌಸರ್ ಕಾಡತೂಸಿಗೆ 51,000. ಈಗಿನ .308 ವಿಂಚೆಸ್ಟರಿಗೆ 62,000. ಸೇನೆಗಳ 7.62 ನ್ಯಾಟೋ ಕಾಡತೂಸು ಅಳತೆಯಲ್ಲಿ ಈ .308ರ ಒಡಹುಟ್ಟು. ಅಂದ್ರೆ ಹಳೆಯದರಿಂದ ಹೊಸದಕ್ಕೆ ಬರುವಾಗ ಒತ್ತಡ ಐದನೇ ಒಂದು ಭಾಗಕ್ಕಿಂತ ಹೆಚ್ಚು ಏರುತ್ತೆ. 62,000ವನ್ನು ಚಿಪ್ಪಿನ ತಳದ ವಿಸ್ತೀರ್ಣದಿಂದ ಗುಣಿಸಿ ನೋಡಿ, ಹಲವು ಟನ್ ಬಲ. ಅದು ಬಂದು ಬಡಿಯೋದು ಗುರಿಕಾರನ ಮುಖದಿಂದ ಒಂದು ಗೇಣು ದೂರದಲ್ಲಿ.

ಅದನ್ನು ತಡೆಯೋದು ಬೋಲ್ಟ್. ಬೋಲ್ಟಿನ ಮೇಲೆ ಲಗ್ ಅನ್ನೋ ಉಬ್ಬುಗಳಿರುತ್ತವೆ. ಹಿಡಿಕೆ ತಿರುಗಿಸಿದಾಗ ಅವು ರಿಸೀವರ್ ಅನ್ನೋ ಉಕ್ಕಿನ ಗೂಡಿನೊಳಗೆ ಹೋಗಿ ಸಿಕ್ಕಿಕೊಳ್ತವೆ. ಬಾಗಿಲ ಅಗುಳಿ ಗೋಡೆಯ ತೂತಿಗೆ ಹೋದ ಹಾಗೆ. ಹೊಸ ನಳಿಗೆ ಎಷ್ಟೇ ಗಟ್ಟಿ ಇರಲಿ, ಹಿಂದಕ್ಕೆ ಬರೋ ಪೆಟ್ಟನ್ನು ತಿನ್ನೋದು ಈ ಅಗುಳಿ ಮತ್ತು ಈ ಗೋಡೆ. ಪರಿವರ್ತನೆ ಮಾಡುವಾಗ ಬದಲಾಗೋದು ನಳಿಗೆ. ಅಗುಳಿ, ಗೋಡೆ ಅಜ್ಜನ ಕಾಲದವೇ.

ಈಗ ಕಥೆಗೆ ಬರೋಣ. 1898ರ ಜುಲೈ 1, ಕ್ಯೂಬಾದ ಸ್ಯಾನ್ ವಾನ್ ಗುಡ್ಡ. ಅಮೆರಿಕದ ಸಾವಿರಾರು ಸೈನಿಕರ ಎದುರು ಕೆಲವೇ ನೂರು ಸ್ಪ್ಯಾನಿಷ್ ಸೈನಿಕರು. ಅವರ ಕೈಯಲ್ಲಿ 1893ರ ಮಾದರಿಯ ಮೌಸರ್. ಐದು ಕಾಡತೂಸುಗಳನ್ನು ಒಂದೇ ಒತ್ತಿಗೆ ತುಂಬಬಹುದಿತ್ತು, ಗುಂಡಿನ ವೇಗವೂ ಜಾಸ್ತಿ. ಅಮೆರಿಕದ ಖಾಯಂ ಸೇನೆಯ ಬಳಿ ಇದ್ದದ್ದು ನಾರ್ವೆ ಮೂಲದ ಕ್ರಾಗ್-ಯೋರ್ಗೆನ್ಸನ್. ಅದಕ್ಕೆ ಪಕ್ಕದ ಕಿಂಡಿ ತೆಗೆದು ಬಿಡಿಬಿಡಿಯಾಗಿ ತುಂಬಬೇಕು. ಗುಡ್ಡ ಅಮೆರಿಕದವರಿಗೆ ಸಿಕ್ತು, ಆದರೆ ಅವರ ಕಡೆ ಸತ್ತವರು ಮತ್ತು ಗಾಯಗೊಂಡವರು ಸಾವಿರಕ್ಕೂ ಮೀರಿದ್ದರು.

ಪೆಟ್ಟು ತಿಂದ ಸೇನೆ ಮೊದಲು ಹುಡುಕಿದ್ದು ಸುಲಭದ ದಾರಿ. ಬಂದೂಕು ಹಾಗೇ ಇರಲಿ, ಕಾಡತೂಸು ಜೋರು ಮಾಡೋಣ. 1899ರಲ್ಲಿ ಕ್ರಾಗ್‌ಗೆ ಹೊಸ ಮದ್ದಿನ ಪ್ರಮಾಣ ಬಂತು, ಗುಂಡಿನ ವೇಗ ಸೆಕೆಂಡಿಗೆ 2,000 ಅಡಿಯಿಂದ 2,200 ಅಡಿಗೆ ಏರಿತು. ಬರೀ ಹತ್ತು ಶೇಕಡಾ. ಆದರೆ ಕ್ರಾಗ್ ಬೋಲ್ಟಿಗೆ ಮುಂದೆ ಇದ್ದದ್ದು ಒಂದೇ ಒಂದು ಲಗ್. ಅವು ಬಿರುಕು ಬಿಡೋಕೆ ಶುರುವಾದವು. 1900ರ ಮಾರ್ಚ್‌ನಲ್ಲಿ ಉಳಿದಿದ್ದ ಸುಮಾರು 35 ಲಕ್ಷ ಕಾಡತೂಸುಗಳನ್ನು ವಾಪಸ್ ತರಿಸಿ, ಬಿಚ್ಚಿ, ಹಳೇ ಪ್ರಮಾಣದ ಮದ್ದು ತುಂಬಿದರು.

ಆ ತೀರ್ಮಾನಕ್ಕೆ ನನಗೆ ಗೌರವ ಇದೆ. ಸಾಫ್ಟ್‌ವೇರಿನಲ್ಲಿ ಒಂದು ಬಿಡುಗಡೆ ಕೆಟ್ಟರೆ ರೋಲ್‌ಬ್ಯಾಕ್ ಅಂತೀವಿ, ಒಂದು ಬಟನ್ ಒತ್ತಿದರೆ ಮುಗೀತು. ಅಲ್ಲಿ ಮೂವತ್ತೈದು ಲಕ್ಷ ಕಾಡತೂಸನ್ನು ಬಿಚ್ಚಬೇಕಿತ್ತು. ಬಿರುಕು ಬಿಟ್ಟ ಲಗ್ಗನ್ನು ನೋಡಿ "ಇದೊಂದು ಪೀಸ್ ಕೆಟ್ಟಿರಬೇಕು" ಅಂತ ಮುಂದಕ್ಕೆ ಹೋಗೋದು ಎಷ್ಟು ಸುಲಭ ಇತ್ತು ಯೋಚಿಸಿ.

ಆಮೇಲೆ ಅಮೆರಿಕ ಮೌಸರನ್ನೇ ಅನುಸರಿಸಿ 1903ರ ಸ್ಪ್ರಿಂಗ್‌ಫೀಲ್ಡ್ ಬಂದೂಕು ಮಾಡಿತು, ಪೇಟೆಂಟಿಗೆ ಮೌಸರ್ ಕಂಪನಿಗೆ ದುಡ್ಡೂ ಕಟ್ಟಿತು. 1906ರಲ್ಲಿ ಕಾಡತೂಸು ಮತ್ತೆ ಬದಲಾಯ್ತು. ಆಗಲೇ ಮಾಡಿದ್ದ ಬಂದೂಕುಗಳ ನಳಿಗೆಯನ್ನು ಮೊಟಕು ಮಾಡಿ, ಚೇಂಬರ್ ಕೊರೆದು ಹೊಸದಕ್ಕೆ ಹೊಂದಿಸಿದರು. ಈ ಸಲ ವಿನ್ಯಾಸದಲ್ಲಿ ತಪ್ಪಿರಲಿಲ್ಲ. ಮುಂದೆ ಎರಡು ಲಗ್, ಹಿಂದೆ ರಕ್ಷಣೆಗೆ ಇನ್ನೊಂದು. ತಪ್ಪು ಇದ್ದದ್ದು ಹದದಲ್ಲಿ.

ಹದ ಅಂದ್ರೆ ಏನು ಅಂತ ಊರಿನವರಿಗೆ ಹೇಳಿಕೊಡಬೇಕಾಗಿಲ್ಲ. ಕುಲುಮೆಯಲ್ಲಿ ಕುಡುಗೋಲು ಕಾಯಿಸಿ, ಬಣ್ಣ ನೋಡಿ, ನೀರಿಗೆ ಅದ್ದುತ್ತಾರಲ್ಲ, ಅದೇ. ಹೆಚ್ಚು ಕಾದರೆ ಬಾಯಿ ಚಟಕ್ಕಂತ ಮುರಿಯುತ್ತೆ, ಕಮ್ಮಿ ಕಾದರೆ ಮಡಚಿಕೊಳ್ಳುತ್ತೆ. ಅಮೆರಿಕದ ಸರ್ಕಾರಿ ಕಾರ್ಖಾನೆಯಲ್ಲೂ ರಿಸೀವರಿನ ಉಕ್ಕು ಎಷ್ಟು ಕಾದಿದೆ ಅಂತ ಅನುಭವಿ ಕೆಲಸಗಾರರು ಕಣ್ಣಲ್ಲೇ ಅಳೀತಿದ್ದರು. 1917ರಲ್ಲಿ ಕೆಲವು ಬಂದೂಕು ಸಿಡಿದಾಗ ತನಿಖೆ ಆಯ್ತು. ಉಷ್ಣಮಾಪಕ ಇಟ್ಟು ನೋಡಿದರೆ, ಬಿಸಿಲು ಪ್ರಖರವಾಗಿದ್ದ ದಿನ ಕಾದ ಉಕ್ಕು ಮಂಕಾಗಿ ಕಾಣುತ್ತಿತ್ತು, ಅದಕ್ಕೆ ಇನ್ನಷ್ಟು ಕಾಯಿಸುತ್ತಿದ್ದರು. ಕಣ್ಣಿನ ಅಂದಾಜಿಗೂ ನಿಜವಾದ ಬಿಸಿಗೂ 300 ಡಿಗ್ರಿ ಫ್ಯಾರನ್‌ಹೀಟ್ ತನಕ ವ್ಯತ್ಯಾಸ. ಹಾಗೆ ಸುಟ್ಟ ಉಕ್ಕು ಗಾಜಿನ ಹಾಗೆ. ದಿನಾ ಬಳಸಿದರೆ ಏನೂ ಆಗಲ್ಲ. ಒಂದು ದಿನ ಒಂದು ಕೆಟ್ಟ ಕಾಡತೂಸಿನ ಚಿಪ್ಪು ಒಡೆದು ಅನಿಲ ಹಿಂದಕ್ಕೆ ನುಗ್ಗಿತು ಅಂದ್ರೆ ಚೂರುಚೂರು.

1918ರಲ್ಲಿ ಹದ ಹಾಕುವ ವಿಧಾನ ಬದಲಾಯ್ತು. ಸ್ಪ್ರಿಂಗ್‌ಫೀಲ್ಡ್ ಕಾರ್ಖಾನೆಯ ಸುಮಾರು 8,00,000ನೇ ನಂಬರಿನವರೆಗೆ, ರಾಕ್ ಐಲೆಂಡ್ ಕಾರ್ಖಾನೆಯ 2,85,507ನೇ ನಂಬರಿನವರೆಗೆ ಮಾಡಿದವೆಲ್ಲ ಅನುಮಾನದ ಪಟ್ಟಿಗೆ ಸೇರಿದವು. ಒಟ್ಟು ಹತ್ತು ಲಕ್ಷಕ್ಕೂ ಹೆಚ್ಚು. ಅವುಗಳಲ್ಲಿ ಬಹುಪಾಲು ಚೆನ್ನಾಗೇ ಇದ್ದವು. ಯಾವುದು ಚೆನ್ನಾಗಿದೆ, ಯಾವುದು ಸುಟ್ಟಿದೆ ಅಂತ ಹೊರಗಿಂದ ನೋಡಿ ಹೇಳೋದು ಸಾಧ್ಯ ಇರಲಿಲ್ಲ. ಮತ್ತೆ ಹದ ಹಾಕಿ ಸರಿ ಮಾಡೋ ಪ್ರಯತ್ನವೂ ಫಲಿಸಲಿಲ್ಲ. ಸುಟ್ಟ ರೊಟ್ಟಿಯನ್ನು ಮತ್ತೆ ಹಿಟ್ಟು ಮಾಡೋಕಾಗುತ್ತಾ? ನೂರು ವರ್ಷ ಕಳೆದ ಮೇಲೂ, ಹಳೇ ಸೇನಾ ಬಂದೂಕುಗಳನ್ನು ನಾಗರಿಕರಿಗೆ ಮಾರುವ ಅಮೆರಿಕದ ಸಂಸ್ಥೆ ಈ ಕಡಿಮೆ ನಂಬರಿನವನ್ನು ಹಾರಿಸಬೇಡಿ ಅಂತಲೇ ಹೇಳುತ್ತೆ.

ಈಗ ತಿರುವು ನೋಡಿ. ಕ್ಯೂಬಾದಲ್ಲಿ ಅಮೆರಿಕದವರ ನಿದ್ದೆಗೆಡಿಸಿದ್ದ ಆ 1893ರ ಮೌಸರ್ ಸ್ಪೇನಿನಲ್ಲಿ ಇನ್ನೂ ಬದುಕಿತ್ತು. 1916ರಲ್ಲಿ ಅದರ ಗಿಡ್ಡ ಮಾದರಿ ಬಂದಿತ್ತು. ಎರಡನೇ ಮಹಾಯುದ್ಧದ ನಂತರ ಸ್ಪೇನ್ ಸೆಟ್ಮೆ ಅನ್ನೋ ಹೊಸ ಸ್ವಯಂಚಾಲಿತ ಬಂದೂಕು ಮಾಡಿತು, ಅದಕ್ಕೆ 7.62 ಕಾಡತೂಸು. ಹೊಸ ಬಂದೂಕು ಎಲ್ಲರಿಗೂ ಸಾಲಬೇಕಲ್ಲ? ಅಲ್ಲಿಯವರೆಗೆ ಹಳೇ ಮೌಸರುಗಳಿಗೆ 7.62 ನಳಿಗೆ ಹಾಕಿ ಸಿವಿಲ್ ಗಾರ್ಡ್‌ಗೆ, ತರಬೇತಿಗೆ ಕೊಟ್ಟರು.

ಇಲ್ಲಿ ಎರಡು ಗೊಂದಲ ಸೇರಿಕೊಂಡವು. ಮೊದಲನೆಯದು ಕಾಡತೂಸಿನದು. ಸ್ಪೇನಿನ ಆರಂಭದ 7.62 ಹೊರ ಅಳತೆಯಲ್ಲಿ ನ್ಯಾಟೋದ್ದರ ಹಾಗೇ ಇತ್ತು. ಆದರೆ ಗುಂಡು ಹಗುರ, ಮದ್ದೂ ಕಮ್ಮಿ. ಆಮೇಲೆ ಸ್ಪೇನ್ ಪೂರ್ತಿ ಜೋರಿನ ನ್ಯಾಟೋ ಕಾಡತೂಸಿಗೆ ಬಂತು. ಎರಡೂ ಒಂದೇ ಚೇಂಬರಿಗೆ ನುಣ್ಣಗೆ ಹೋಗುತ್ತವೆ. ಸಾಫ್ಟ್‌ವೇರಿನವರು ಇದನ್ನು ಬೇಗ ಹಿಡೀತಾರೆ: ಇಂಟರ್‌ಫೇಸ್ ಒಂದೇ, ಒಳಗಿನ ಕರಾರು ಬೇರೆ.

ಎರಡನೆಯದು ಬಂದೂಕಿನದು. ಪರಿವರ್ತನೆಯಲ್ಲಿ ಎರಡು ಮಾದರಿ ಪ್ರಸಿದ್ಧ: ಎಫ್‌ಆರ್-7 ಮತ್ತು ಎಫ್‌ಆರ್-8. ಎರಡಕ್ಕೂ ಗಿಡ್ಡ ನಳಿಗೆ, ಮೂತಿಗೆ ಜ್ವಾಲೆ ಮರೆಮಾಡುವ ಕೊಳವೆ. ಕೆಳಗೆ ಇನ್ನೊಂದು ಕೊಳವೆ ಇದೆ, ನೋಡಿದವರು ಅದನ್ನು ಏನೋ ಆಧುನಿಕ ಯಂತ್ರ ಅಂದ್ಕೊಳ್ತಾರೆ. ಅದರೊಳಗೆ ಇರೋದು ಬಂದೂಕು ಒರೆಸುವ ಸಾಮಾನು! ದೂರದಿಂದ ನೋಡಿದರೆ ಅಣ್ಣತಮ್ಮಂದಿರು. ಒಳಗೆ ಎಫ್‌ಆರ್-8 ಕಟ್ಟಿದ್ದು 1943ರ ಮಾದರಿಯ ಮೇಲೆ. ಅದು ಜರ್ಮನಿಯ 1898ರ ಮೌಸರಿನ ವಂಶ. ಅದಕ್ಕೆ ದಪ್ಪನೆಯ ರಿಸೀವರ್ ಇದೆ, ಮೂರನೇ ರಕ್ಷಣಾ ಲಗ್ ಇದೆ, ಚಿಪ್ಪು ಒಡೆದರೆ ಅನಿಲವನ್ನು ಮುಖದಿಂದ ಆಚೆ ತಿರುಗಿಸೋ ಅಂಚು ಇದೆ. ಎಫ್‌ಆರ್-7 ಕಟ್ಟಿದ್ದು 1893ರ ವಂಶದ ತೆಳು ರಿಸೀವರಿನ ಮೇಲೆ. ಆ ಮೂರರಲ್ಲಿ ಒಂದೂ ಅದಕ್ಕಿಲ್ಲ.

ಹಳೇ ಮೌಸರಿನ ಉಕ್ಕು ಸ್ಪ್ರಿಂಗ್‌ಫೀಲ್ಡ್ ಥರ ಗಾಜಾಗಿ ಒಡೆಯೋದು ಅಪರೂಪ. ಅದರ ಮೇಲ್ಪದರ ಗಟ್ಟಿ, ತಿರುಳು ಮೆತ್ತಗೆ. ಅದಕ್ಕೆ ಅದು ಸಾಯೋದು ನಿಧಾನವಾಗಿ. ಪ್ರತಿ ಗುಂಡಿಗೂ ಲಗ್ಗು ರಿಸೀವರಿನ ಗೋಡೆಯನ್ನು ಕೂದಲೆಳೆಯಷ್ಟು ಹಿಂದಕ್ಕೆ ಒತ್ತುತ್ತೆ. ಅಗುಳಿಯ ತೂತು ಸವೆದು ಬಾಗಿಲು ಲೊಡಲೊಡ ಅನ್ನೋ ಹಾಗೆ. ಬೋಲ್ಟಿಗೂ ಕಾಡತೂಸಿಗೂ ನಡುವೆ ಜಾಗ ಬೆಳೆಯುತ್ತೆ. ಇದನ್ನೇ ಹೆಡ್‌ಸ್ಪೇಸ್ ಹೆಚ್ಚಾಯ್ತು ಅನ್ನೋದು. ಆ ಜಾಗ ತುಂಬೋಕೆ ಹಿತ್ತಾಳೆ ಚಿಪ್ಪು ಹಿಗ್ಗುತ್ತೆ. ಒಂದು ದಿನ ತಳದ ಹತ್ತಿರ ಹರಿದು ಎರಡು ತುಂಡಾಗುತ್ತೆ. ಅಲ್ಲಿಂದ ನುಗ್ಗೋ ಬಿಸಿ ಅನಿಲಕ್ಕೆ ಎದುರು ಸಿಗೋದು ಗುರಿ ಹಿಡಿದವನ ಕಣ್ಣು.

ಈ ಬಂದೂಕುಗಳು ಆಮೇಲೆ ಹಳೇ ಸಾಮಾನಾಗಿ ಅಮೆರಿಕದ ಅಂಗಡಿಗಳಿಗೆ ಅಗ್ಗದಲ್ಲಿ ಬಂದವು. ಕೊಂಡವರು ಅದಕ್ಕೆ ಹಾಕಿದ್ದು ಅಂಗಡಿಯಲ್ಲಿ ಸಿಗೋ .308. ಅಲ್ಲಿಂದ ವಾದ ಶುರು, ಇವತ್ತಿಗೂ ನಿಂತಿಲ್ಲ. ಒಂದು ಪಕ್ಷ, ಸರ್ಕಾರವೇ ಪರಿವರ್ತಿಸಿದ ಮೇಲೆ ಏನು ಭಯ ಅನ್ನುತ್ತೆ. ಇನ್ನೊಂದು ಪಕ್ಷ, ಅದು ಹಗುರ ಕಾಡತೂಸಿಗೆ ಮಾಡಿದ್ದು ಅನ್ನುತ್ತೆ.

ವಾದಕ್ಕೆ ತುಪ್ಪ ಸುರಿದದ್ದು ಅಂಕಿಗಳು. ಅಮೆರಿಕದ ಸೇನೆಯ ಕೈಪಿಡಿಯಲ್ಲಿ 7.62 ನ್ಯಾಟೋ ಕಾಡತೂಸಿನ ಒತ್ತಡ 50,000 ಪಿಎಸ್‌ಐ ಅಂತಿದೆ. ಉದ್ಯಮದ ಪಟ್ಟಿಯಲ್ಲಿ .308ಕ್ಕೆ 62,000. ನೋಡಿದವರು, ಓಹೋ ಸೇನೆಯದು ಬಹಳ ಮೃದು, 7 ಎಂಎಂಗೆ 51,000 ತಾಳೋ ಬಂದೂಕು ಇದನ್ನು ತಾಳದೇ ಇರುತ್ತಾ ಅಂದ್ಕೊಂಡರು. ನಿಜ ಏನಂದ್ರೆ ಎರಡನ್ನೂ ಅಳೆದ ಕೋಲೇ ಬೇರೆ. ಹಳೇ ವಿಧಾನದಲ್ಲಿ ಒಂದು ಪುಟ್ಟ ತಾಮ್ರದ ತುಂಡನ್ನು ಇಟ್ಟು, ಗುಂಡು ಹಾರಿದ ಮೇಲೆ ಅದು ಎಷ್ಟು ಚಪ್ಪಟೆ ಆಗಿದೆ ಅಂತ ನೋಡ್ತಿದ್ದರು. ಹೊಸ ವಿಧಾನದಲ್ಲಿ ವಿದ್ಯುತ್ ಸಂವೇದಕ. ತಾಮ್ರ ನಿಧಾನ, ಶಿಖರದ ಒತ್ತಡವನ್ನು ಅದು ಪೂರ್ತಿ ಹಿಡಿಯಲ್ಲ. ಅದೇ ಕಾಡತೂಸು ತಾಮ್ರದಲ್ಲಿ 50,000 ತೋರಿಸಿದರೆ ಸಂವೇದಕದಲ್ಲಿ 60,000ದ ಹತ್ತಿರ ತೋರಿಸುತ್ತೆ. ಎರಡಕ್ಕೂ ಪಿಎಸ್‌ಐ ಅಂತಲೇ ಬರೆದುಬಿಟ್ಟರು. ಬ್ರಿಟನ್ನಿನ ಮುದ್ರೆ ಇರೋ .303 ಬಂದೂಕಿನ ಮೇಲೆ 18.5 ಟನ್ ಅಂತ ಕೆತ್ತಿರುತ್ತೆ. ಲೆಕ್ಕ ಹಾಕಿದರೆ ಚದರ ಇಂಚಿಗೆ 41,440 ಪೌಂಡ್ ಬರುತ್ತೆ, 49,000 ಬರಲ್ಲ. ಅದು ಮೂರನೇ ಕೋಲು! 1999ರಲ್ಲಿ ನಾಸಾದ ಮಂಗಳ ನೌಕೆಯೊಂದು ಹಾಳಾಗಿದ್ದು ಇಂಥದ್ದೇ ಅಳತೆಯ ಗೊಂದಲಕ್ಕೆ. ಒಂದು ಕಡೆ ಪೌಂಡ್, ಇನ್ನೊಂದು ಕಡೆ ನ್ಯೂಟನ್. ಅಂಕಿಯ ಪಕ್ಕ ಅದನ್ನು ಹೇಗೆ ಅಳೆದರು ಅಂತ ಬರೆಯದೇ ಇದ್ದರೆ ಆ ಅಂಕಿ ಇದ್ದೂ ಒಂದೇ, ಇಲ್ಲದಿದ್ದರೂ ಒಂದೇ.

ಹಾಗಾದ್ರೆ ಪರಿವರ್ತನೆ ಮಾಡಲೇಬಾರದಾ? ಮಾಡಬಹುದು. ಬ್ರಿಟನ್ 1970ರ ಸುಮಾರಿಗೆ ತನ್ನ ನಂಬರ್ 4 ಎನ್‌ಫೀಲ್ಡ್ ಬಂದೂಕುಗಳಲ್ಲಿ ಆರಿಸಿದವನ್ನು 7.62ಕ್ಕೆ ತಂದು ಎಲ್42ಎ1 ಅನ್ನೋ ಗುರಿಕಾರರ ಬಂದೂಕು ಮಾಡಿತು. ನಂಬರ್ 4ರ ರಿಸೀವರ್ ಮೊದಲಿನ ತ್ರೀ ನಾಟ್ ತ್ರೀಗಿಂತ ಗಟ್ಟಿ. ಹೊಸ ದಪ್ಪ ನಳಿಗೆ ಹಾಕಿ, ಪ್ರೂಫ್ ಪರೀಕ್ಷೆ ಮಾಡಿ, ಮುದ್ರೆ ಒತ್ತಿ ಸೇನೆಗೆ ಕೊಟ್ಟರು. 1982ರ ಫಾಕ್‌ಲೆಂಡ್ಸ್ ಯುದ್ಧದಲ್ಲೂ ಅದು ಕೆಲಸ ಮಾಡಿತು. ಪ್ರೂಫ್ ಅಂದ್ರೆ ಬೇಕಂತಲೇ ಮಿತಿಗಿಂತ ಜಾಸ್ತಿ ಒತ್ತಡದ ಕಾಡತೂಸು ಹಾರಿಸಿ, ಆಮೇಲೆ ಅಳತೆ ನೋಡೋದು. ಯುರೋಪಿನ ಈಗಿನ ನಿಯಮದಲ್ಲಿ ಇಂಥ ಬಂದೂಕಿಗೆ ಇದು 25 ಶೇಕಡಾ ಹೆಚ್ಚು. ಬರ್ಮಿಂಗ್‌ಹ್ಯಾಮಿನ ಪ್ರೂಫ್ ಹೌಸ್ 1813ರಿಂದ ಈ ಕೆಲಸ ಮಾಡ್ತಿದೆ.

ಇನ್ನು ನಮ್ಮ ಮನೆಯ ಕಥೆ. 1962ರಲ್ಲಿ ಚೀನಾ ಗಡಿಯಲ್ಲಿ ನಮ್ಮ ಸೈನಿಕರ ಕೈಯಲ್ಲಿ ಇದ್ದದ್ದು ತ್ರೀ ನಾಟ್ ತ್ರೀ. ಆ ಯುದ್ಧದ ನಂತರ ಸೇನೆ 7.62ಕ್ಕೆ ಬದಲಾಗೋ ಕೆಲಸ ಜೋರಾಯ್ತು. ಬಂಗಾಳದ ಇಷಾಪುರ ರೈಫಲ್ ಫ್ಯಾಕ್ಟರಿಯಲ್ಲಿ ಅರೆ-ಸ್ವಯಂಚಾಲಿತ ಎಸ್‌ಎಲ್‌ಆರ್ ತಯಾರಾಗೋಕೆ ಶುರುವಾಯ್ತು. ಎಲ್ಲರಿಗೂ ಅದು ಸಿಗೋವರೆಗೆ ಕೈಯಲ್ಲಿ ಏನಾದರೂ ಬೇಕಿತ್ತು. ಹಳೇ ತ್ರೀ ನಾಟ್ ತ್ರೀ ಮಾಡುವ ಯಂತ್ರ, ಅಚ್ಚು, ಕೈ ಪಳಗಿದ ಕೆಲಸಗಾರರು ಎಲ್ಲ ಅಲ್ಲೇ ಇದ್ದರು. ಸ್ಪೇನಿನ ಥರ ಉಗ್ರಾಣದ ಬಂದೂಕಿಗೆ ನಳಿಗೆ ಬದಲಾಯಿಸೋ ಆಸೆಗೆ ಇದಕ್ಕಿಂತ ಒಳ್ಳೇ ನೆಪ ಬೇಕಾ?

ತ್ರೀ ನಾಟ್ ತ್ರೀಯ ಲಗ್ಗುಗಳು ಬೋಲ್ಟಿನ ಹಿಂಭಾಗದಲ್ಲಿವೆ. ಪೆಟ್ಟು ಬಿದ್ದಾಗ ಬೋಲ್ಟ್ ಉದ್ದಕ್ಕೂ ಸ್ವಲ್ಪ ಕುಗ್ಗುತ್ತೆ, ರಿಸೀವರ್ ಹಿಗ್ಗುತ್ತೆ. .303ರ ಒತ್ತಡಕ್ಕೆ ಅದು ಸರಿ, 7.62ಕ್ಕೆ ಅಪಾಯ. ಅದಕ್ಕೆ ಇಷಾಪುರದವರು ವಿನ್ಯಾಸ ಉಳಿಸಿಕೊಂಡು ಉಕ್ಕನ್ನೇ ಬದಲಾಯಿಸಿದರು. ಉತ್ತಮ ಉಕ್ಕಿನ ರಿಸೀವರ್, ಉತ್ತಮ ಉಕ್ಕಿನ ಬೋಲ್ಟ್, ಅಂಚಿಲ್ಲದ ಹೊಸ ಚಿಪ್ಪನ್ನು ಹಿಡಿಯೋಕೆ ಹೊಸ ಕೊಂಡಿ, ಹೊಸ ಚೌಕಾಕಾರದ ಮ್ಯಾಗಜೀನ್. ಹೀಗೆ 1960ರ ದಶಕದಲ್ಲಿ ಬಂದದ್ದು 2ಎ, ಆಮೇಲೆ 2ಎ1. ಬಹಳ ಜನ ಅದನ್ನು ಪರಿವರ್ತಿತ ತ್ರೀ ನಾಟ್ ತ್ರೀ ಅಂದ್ಕೊಂಡಿದ್ದಾರೆ. ಅಲ್ಲ, ಅದು ಹೊಸದಾಗಿ ಮಾಡಿದ್ದು. ಹೊಸ ಉಕ್ಕಿಗೆ ಹಾಕಿದ ದುಡ್ಡು ಫೋಟೋದಲ್ಲಿ ಕಾಣಲ್ಲ, ಪರೇಡಿನಲ್ಲೂ ಕಾಣಲ್ಲ. ಯುದ್ಧದಲ್ಲಿ ಸೋತು ಅವಸರದಲ್ಲಿದ್ದ ದೇಶ ಆ ಕಾಣದ ಜಾಗಕ್ಕೆ ಖರ್ಚು ಮಾಡಿತಲ್ಲ, ನನಗೆ ಈ ಇಡೀ ಕಥೆಯಲ್ಲಿ ಹೆಮ್ಮೆ ಅನಿಸೋದು ಅಲ್ಲಿ.

ಅಪಾಯವೂ ಅಲ್ಲೇ ಇದೆ. ಕಣ್ಣಿಗೆ ಎರಡೂ ಹೆಚ್ಚುಕಮ್ಮಿ ಒಂದೇ ಬಂದೂಕು. 2ಎ1 ತಾಳುತ್ತೆ ಅನ್ನೋದನ್ನು ನೋಡಿ, ಹಾಗಾದ್ರೆ 1917ರ ತ್ರೀ ನಾಟ್ ತ್ರೀಯೂ 7.62 ತಾಳುತ್ತೆ ಅಂತ ಯಾರಾದರೂ ನಳಿಗೆ ತಿರುಗಿಸಿದರೆ ಮುಗೀತು. ಬೆಳ್ಳಗಿರೋದೆಲ್ಲ ಹಾಲಲ್ಲ. ನಮ್ಮ 1959ರ ಶಸ್ತ್ರಾಸ್ತ್ರ ಕಾಯ್ದೆ ಬಂದೂಕು ತಯಾರಿಕೆ, ಮಾರಾಟದ ಜೊತೆಗೇ ಪರಿವರ್ತನೆ, ರಿಪೇರಿ, ಪರೀಕ್ಷೆಗೂ ಲೈಸೆನ್ಸ್ ಬೇಕು ಅನ್ನೋದು ಸುಮ್ಮನೆ ಅಲ್ಲ. ನಾಗರಿಕರಿಗೆ .303 ನಿಷಿದ್ಧ ಅಂತ ಅದೇ ಎನ್‌ಫೀಲ್ಡ್ ವಿನ್ಯಾಸದಲ್ಲಿ .315 ಬಂದೂಕನ್ನು ಇಷಾಪುರದಲ್ಲೇ ಮಾಡ್ತಾರೆ. ಅದೂ ಬೇರೆ ಕಾಡತೂಸು, ಅದಕ್ಕೇ ಅಳೆದು ಮಾಡಿದ ಬಂದೂಕು.

ಇಷ್ಟು ಹೇಳಿದರೂ ಒಂದು ಮಾತು ಬಂದೇ ಬರುತ್ತೆ: "ನಾನು ಇನ್ನೂರು ಗುಂಡು ಹಾರಿಸಿದೀನಿ, ಏನೂ ಆಗಿಲ್ಲ." ನಮ್ಮ ಆಫೀಸುಗಳಲ್ಲಿ ದಿನಾ ಕೇಳೋ "ನನ್ನ ಮಷೀನಿನಲ್ಲಿ ಓಡ್ತಿದೆ" ಅನ್ನೋ ಮಾತಿನ ಅಣ್ಣ ಇದು. ಸುಟ್ಟ ಸ್ಪ್ರಿಂಗ್‌ಫೀಲ್ಡ್‌ಗಳೂ ಸಿಡಿಯುವ ಹಿಂದಿನ ಗುಂಡಿನವರೆಗೆ ಚೆನ್ನಾಗೇ ಇದ್ದವು. ಇನ್ನೂರು ಗುಂಡು ಹಾರಿತು ಅನ್ನೋದು ಇನ್ನೂರಕ್ಕೆ ಸಾಕ್ಷಿ. ಇನ್ನೂರ ಒಂದನೆಯದಕ್ಕೆ ಬೇಕಾದ ಸಾಕ್ಷಿ ಬೇರೆ: ಯಾವ ಉಕ್ಕು, ಯಾವ ಹದ, ಎಷ್ಟು ಲಗ್, ಹೆಡ್‌ಸ್ಪೇಸ್ ಗೇಜು ಏನು ಹೇಳುತ್ತೆ, ಯಾರ ಪ್ರೂಫ್ ಮುದ್ರೆ ಇದೆ. ಇವಕ್ಕೆ ಉತ್ತರ ಇದ್ದರೆ ಹಾರಿಸಬಹುದು. ಇಲ್ಲದಿದ್ದರೆ ಅದು ಗೋಡೆಯ ಮೇಲೆ ಇರಬೇಕಾದ ಸಾಮಾನು.

ಉಳಿತಾಯದ ಲೆಕ್ಕ ಹಾಕಿ ಸಹಿ ಮಾಡೋರು ಕಚೇರಿಯಲ್ಲಿ ಇರ್ತಾರೆ. ಬಂದೂಕಿನ ಹಿಡಿಗೆ ಕೆನ್ನೆ ಒತ್ತಿ ಕೂರೋನು ಪೇದೆ, ಸಿಪಾಯಿ. ಅವನಿಗೆ ಆ ಉಕ್ಕಿನ ಇತಿಹಾಸ ಗೊತ್ತಿರಲ್ಲ, ಗೊತ್ತಿರಬೇಕು ಅಂತ ಕೇಳೋದೂ ಅನ್ಯಾಯ. ಅವನ ಪರವಾಗಿ ಮೊದಲೇ ಯಾರೋ ಕೇಳಿರಬೇಕು. 1900ರ ಮಾರ್ಚ್‌ನಲ್ಲಿ ಯಾರೋ ಕೇಳಿದರು, ಮೂವತ್ತೈದು ಲಕ್ಷ ಕಾಡತೂಸು ವಾಪಸ್ ಬಂತು. ಇಷಾಪುರದಲ್ಲಿ ಯಾರೋ ಕೇಳಿದರು, ಉಕ್ಕು ಬದಲಾಯ್ತು.